ಬಿರುಕಿನ ವಿಳಾಸ: ದುದ್ದ–ಬಸರಾಳು ಸೀಮೆಯ ಹಳೆಯ ಕಟ್ಟಡಗಳ ಭದ್ರತಾ ದಾಖಲೆ ಕುರಿತು ಒಂದು ಟಿಪ್ಪಣಿ

ಹಳೆಯ ದೇಗುಲದ ತೊಲೆಯಲ್ಲಿ ಬಿರುಕು ಕಂಡಾಗ ಮಂಡ್ಯ ಕಡೆಯ ಊರುಗಳಲ್ಲಿ ಕೇಳಿಬರುವ ಮಾತು ಸಾಮಾನ್ಯವಾಗಿ ಎರಡೇ. ‘ಅದು ನಮ್ ತಾತನ ಕಾಲ್ದಿಂದ್ಲೂ ಹಂಗೇ ಅದೆ’ ಎಂಬುದು ಒಂದು. ‘ಹೋದೊರ್ಸದ ಮಳೇಲಿ ಬುಟ್ಕತ್ತು’ ಎಂಬುದು ಇನ್ನೊಂದು. ಮೊದಲನೆಯದು ನಿಜವಾದರೆ ಆ ತೊಲೆಯನ್ನು ಮುಟ್ಟದೆ ಬಿಡುವುದೇ ಲೇಸು. ಎರಡನೆಯದು ನಿಜವಾದರೆ ಇವತ್ತೇ ಊರೆಗಂಬ ಕೊಡಬೇಕು. ಇವೆರಡರಲ್ಲಿ ಯಾವುದು ಸರಿ ಎಂದು ತೀರ್ಮಾನಿಸಲು ಭಾರಿ ಗಣಿತ ಬೇಕಿಲ್ಲ. ಹತ್ತು ವರ್ಷದ ಹಿಂದೆ ಯಾರಾದರೂ ಆ ಬಿರುಕನ್ನು ಅಳೆದು, ದಿನಾಂಕ ಹಾಕಿ, ಇಂಥ ತೊಲೆಯ ಇಂಥ ಮುಖ ಎಂದು ಬರೆದಿಟ್ಟಿದ್ದರೆ ಸಾಕು. ಅಂಥ ಒಂದು ಸಾಲು ಬಹುತೇಕ ಎಲ್ಲಿಯೂ ಸಿಗುವುದಿಲ್ಲ. ಈ ಟಿಪ್ಪಣಿ ಇಲ್ಲದ ಆ ಸಾಲಿನ ಬಗ್ಗೆ.

ನಾನು ಆರಿಸಿಕೊಂಡಿರುವ ವ್ಯಾಪ್ತಿ ಚಿಕ್ಕದು: ಮಂಡ್ಯ ತಾಲ್ಲೂಕಿನ ದುದ್ದ ಹೋಬಳಿ ಮತ್ತು ಬಸರಾಳು ಹೋಬಳಿ. ಬಸರಾಳಿನಲ್ಲಿ 1234ರಲ್ಲಿ ಹೊಯ್ಸಳ ಇಮ್ಮಡಿ ವೀರನರಸಿಂಹನ ಆಳ್ವಿಕೆಯಲ್ಲಿ ಹರಿಹರ ದಣ್ಣಾಯಕ ಕಟ್ಟಿಸಿದ ಮಲ್ಲಿಕಾರ್ಜುನ ದೇಗುಲವಿದೆ. ಒಳಗೆ ಮೂರು ಗರ್ಭಗೃಹ, ಮೇಲೆ ಒಂದೇ ಶಿಖರ, ಸುತ್ತಲೂ ಜಗತಿಯೆಂಬ ಎತ್ತರದ ಕಟ್ಟೆ, ಗೋಡೆಯ ಬುಡದಲ್ಲಿ ಆನೆ, ಕುದುರೆಗಳ ಸಾಲುಪಟ್ಟಿಕೆ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ ಅದು. ಆದರೆ ಈ ಎರಡು ಹೋಬಳಿಗಳ ಬದುಕಿನಲ್ಲಿ ಹಳೆಯ ಕಟ್ಟಡವೆಂದರೆ ಅದೊಂದೇ ಅಲ್ಲ. ಊರ ಮುಂದಿನ ಕಲ್ಲುಮಂಟಪ, ಕಲ್ಯಾಣಿಯ ಮೆಟ್ಟಿಲು, ಕೆರೆಯ ತೂಬು, ಗ್ರಾಮದೇವತೆಯ ಗುಡಿ, ನಾಡಹೆಂಚಿನ ತೊಟ್ಟಿಮನೆ, ಮದ್ರಾಸ್ ತಾರಸಿಯ ಹಳೆಯ ಶಾಲೆ ಎಲ್ಲವೂ ಹಳೆಯವೇ, ಎಲ್ಲದರ ಕೆಳಗೂ ಜನ ಕೂರುತ್ತಾರೆ. ಇವುಗಳಲ್ಲಿ ಹೆಚ್ಚಿನವು ಯಾವ ರಕ್ಷಣಾ ಪಟ್ಟಿಯಲ್ಲೂ ಇಲ್ಲ.

ದಾಖಲೆ ಇಟ್ಟುಕೊಳ್ಳದೆ ಹೋದರೆ ಏನಾಗುತ್ತದೆ ಎಂಬುದನ್ನು ಹತ್ತಿರದ ಮೈಸೂರಿನಲ್ಲೇ ನೋಡಿದ್ದೇವೆ. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. 2022ರ ಅಕ್ಟೋಬರ್ ಮಳೆಯಲ್ಲಿ ಅರಮನೆಯ ಕೋಟೆಗೋಡೆಯ ತುಂಡೊಂದು ಜರಿಯಿತು. ಮೊದಲ ಎರಡರ ವಿಷಯದಲ್ಲಿ ನಡೆದ ದೀರ್ಘ ವಾದವನ್ನು ನೆನೆದರೆ ಈಗಲೂ ಮನಸ್ಸಿಗೆ ನೋವಾಗುತ್ತದೆ. ಕೆಡವಿ ಹೊಸದು ಕಟ್ಟಬೇಕೆಂದು ಒಂದು ಬಗೆಯ ತಜ್ಞರು, ದುರಸ್ತಿ ಸಾಧ್ಯವೆಂದು ಇನ್ನೊಂದು ಬಗೆಯ ತಜ್ಞರು. ಇಬ್ಬರೂ ನೋಡಿದ್ದು ಕುಸಿತದ ನಂತರದ ಗೋಡೆಯನ್ನು. ಕುಸಿತದ ಹಿಂದಿನ ಇಪ್ಪತ್ತು ವರ್ಷ ಆ ಗೋಡೆ ಹೇಗೆ ನಡೆದುಕೊಂಡಿತ್ತು ಎಂಬ ಅಳತೆಗಳ ಸರಣಿ ಮೇಜಿನ ಮೇಲಿದ್ದಿದ್ದರೆ ಆ ವಾದ ಬೇಗ ತೀರ್ಮಾನಕ್ಕೆ ಬರುತ್ತಿತ್ತೆಂದು ನನ್ನ ನಂಬಿಕೆ.

ನಮ್ಮವರು ಹಿಂದೆ ದಾಖಲೆ ಇಡುತ್ತಿರಲಿಲ್ಲವೆಂದು ಹೇಳುವಂತಿಲ್ಲ. ಬೇಲೂರಿನ ಚೆನ್ನಕೇಶವ ದೇಗುಲವನ್ನೇ ನೋಡಿ. ವಿಜಯನಗರದ ಇಮ್ಮಡಿ ಹರಿಹರನ ಅಧಿಕಾರಿ ಕಂಪಣ್ಣ 1381ರಲ್ಲಿ ಅಲ್ಲಿ ನಾಲ್ಕು ಕಂಬಗಳ ಆಸರೆ ಕೊಟ್ಟನೆಂದು ಶಾಸನ ಹೇಳುತ್ತದೆ. ಹೈದರನ ಕಾಲದಲ್ಲಿ, 1774ರಲ್ಲಿ, ನಂಜಯ್ಯನೆಂಬವನು ಜೀರ್ಣೋದ್ಧಾರ ಮಾಡಿಸಿದ. 1879ರಲ್ಲಿ ಗರ್ಭಗೃಹವನ್ನು ಉಳಿಸುವ ಸಲುವಾಗಿ ಮೇಲಿನ ಶಿಖರವನ್ನೇ ಇಳಿಸಲಾಯಿತು. ಈ ಮೂರು ಇಸವಿಗಳನ್ನು ಎಂಜಿನಿಯರ್ ಕಣ್ಣಿನಿಂದ ಓದಿದರೆ ಅವು ಒಬ್ಬ ರೋಗಿಯ ಹಳೆಯ ಚೀಟಿಗಳಂತೆ ಕಾಣುತ್ತವೆ. ಕಟ್ಟಿ ಇನ್ನೂರೈವತ್ತು ವರ್ಷ ದಾಟಿದ ಮೇಲೆ ಕಂಬದ ಆಸರೆ ಬೇಕಾಯಿತು ಎಂದರೆ ಒಳಗಿನ ತೊಲೆಗಳು ಆಗಲೇ ದಣಿದಿದ್ದವು. ಐದು ಶತಮಾನದ ನಂತರವೂ ತೂಕವೇ ತೊಂದರೆ ಕೊಡುತ್ತಿತ್ತು ಎಂದರೆ ದೋಷ ಮೂಲದಲ್ಲೇ, ಮೇಲಿನ ಭಾರದಲ್ಲೇ ಇತ್ತು ಎಂದು ಊಹಿಸಲು ಎಡೆಯಿದೆ. ಇಂಥ ಊಹೆಗೆ ಆಧಾರ ಕೊಟ್ಟದ್ದು ಕಲ್ಲಿನ ಮೇಲೆ ಯಾರೋ ಕೆತ್ತಿಸಿದ ಸಾಲು. ಶಾಸನವನ್ನು ರಾಜರ ವಂಶಾವಳಿಗಾಗಿ, ದತ್ತಿಯ ವಿವರಕ್ಕಾಗಿ ಓದುತ್ತೇವೆ; ಕಟ್ಟಡದ ಆರೋಗ್ಯಕ್ಕಾಗಿ ಓದುವ ಅಭ್ಯಾಸ ಇನ್ನೂ ಬೆಳೆಯಬೇಕಿದೆ.

ಪಾರಂಪರಿಕ ಕಟ್ಟಡಗಳ ದೃಢತೆಯ ಬಗ್ಗೆ ಸ್ಮಾರಕ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆಯಾದ ಇಕೋಮೋಸ್ 2003ರಲ್ಲಿ ಜಿಂಬಾಬ್ವೆಯ ವಿಕ್ಟೋರಿಯಾ ಫಾಲ್ಸ್‌ನಲ್ಲಿ ಒಪ್ಪಿದ ತತ್ವಗಳೂ ವೈದ್ಯರ ಕ್ರಮವನ್ನೇ ಅನುಸರಿಸುತ್ತವೆ: ಮೊದಲು ರೋಗಿಯ ಪೂರ್ವಕಥೆ, ಆಮೇಲೆ ರೋಗನಿರ್ಣಯ, ಆಮೇಲೆ ಚಿಕಿತ್ಸೆ, ಕೊನೆಗೆ ಗುಣವಾಯಿತೇ ಎಂಬ ನಿಗಾ. ಇರುವ ಕಟ್ಟಡಗಳನ್ನು ಪರಿಶೀಲಿಸುವ ಬಗೆಗಿನ ಐಎಸ್‌ಒ 13822 ಎಂಬ ಅಂತರರಾಷ್ಟ್ರೀಯ ಮಾನದಂಡದ 2010ರ ಆವೃತ್ತಿಯಲ್ಲಿ ಪಾರಂಪರಿಕ ಕಟ್ಟಡಗಳಿಗೆಂದೇ ಒಂದು ಅನುಬಂಧವಿದೆ. ಪೂರ್ವಕಥೆಯೇ ಸಿಗದಿದ್ದರೆ ಉಳಿದ ಮೂರು ಹಂತಗಳು ಕತ್ತಲಲ್ಲಿ ತಡವಿದಂತೆ.

ಬಸರಾಳಿನ ಪೂರ್ವಕಥೆ ಹುಡುಕಹೊರಟವನಿಗೆ ಎದುರಾಗುವ ಮೊದಲ ತೊಡಕು ಹೆಸರಿನದು. ಬಿ.ಎಲ್. ರೈಸ್ 1894ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನ ಸಂಗ್ರಹದ ಮೂರನೆಯ ಸಂಪುಟದಲ್ಲಿ ಮಂಡ್ಯ ತಾಲ್ಲೂಕಿನ ಶಾಸನಗಳು ಬರುವುದು ಮೈಸೂರು ಜಿಲ್ಲೆಯ ತಲೆಬರಹದ ಕೆಳಗೆ. ಮಂಡ್ಯ ಜಿಲ್ಲೆ ಹುಟ್ಟಿದ್ದೇ 1939ರಲ್ಲಿ. ಪಕ್ಕದ ನಾಗಮಂಗಲ ತಾಲ್ಲೂಕು ರೈಸ್‌ನಲ್ಲಿ ನಾಲ್ಕನೆಯ ಸಂಪುಟಕ್ಕೆ ಹೋಗಿದೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಹೊರತಂದ ಪರಿಷ್ಕೃತ ಆವೃತ್ತಿಯಲ್ಲಿ ನಾಗಮಂಗಲ, ಮಂಡ್ಯ, ಮದ್ದೂರು, ಮಳವಳ್ಳಿ ನಾಲ್ಕೂ ಏಳನೆಯ ಸಂಪುಟದಲ್ಲಿ ಒಟ್ಟಿಗೆ ಬಂದಿವೆ. ಶಾಸನಗಳ ಕ್ರಮಸಂಖ್ಯೆಯೂ ಬದಲಾಗಿದೆ. ರೋಮನ್ ಲಿಪಿಯಲ್ಲಿ ಬಸರಾಳು ಒಂದು ಕಡೆ ‘ಬಸ್ರಾಲ್’, ಇನ್ನೊಂದು ಕಡೆ ‘ಬಸರಲ್’. ದುದ್ದ ಹೋಬಳಿಯ ಕಥೆ ಇನ್ನೊಂದು ತೆರನಾದುದು. ಕಂದಾಯಕ್ಕೆ ಅದು ಮಂಡ್ಯ ತಾಲ್ಲೂಕು, ವಿಧಾನಸಭಾ ಚುನಾವಣೆಗೆ ಮೇಲುಕೋಟೆ ಕ್ಷೇತ್ರ. ಶಾಸಕರ ನಿಧಿಯಿಂದ ನಡೆದ ಗುಡಿ ದುರಸ್ತಿಯ ಕಾಗದವನ್ನು ಮಂಡ್ಯದ ಕಡತದಲ್ಲಷ್ಟೇ ಹುಡುಕಿದವನಿಗೆ ಅರ್ಧ ಕಥೆ ತಪ್ಪಿಹೋಗಬಹುದು.

ಆದ್ದರಿಂದ ಯಾವುದೇ ಭದ್ರತಾ ದಾಖಲೆಯ ಮೊದಲ ಅಂಕಣದಲ್ಲಿ ಕಟ್ಟಡದ ಹೆಸರಿನ ಜೊತೆಗೆ ಒಂದು ಬದಲಾಗದ ಗುರುತು ಸಂಖ್ಯೆ ಇರಬೇಕು. ಆ ಸಂಖ್ಯೆಯ ಮುಂದೆ ಅಕ್ಷಾಂಶ–ರೇಖಾಂಶ, ಅದರ ಮುಂದೆ ಈವರೆಗೆ ಆ ಕಟ್ಟಡಕ್ಕಿದ್ದ ಎಲ್ಲ ಹೆಸರುಗಳು, ಎಲ್ಲ ಕಾಗುಣಿತಗಳು, ಹಳೆಯ ತಾಲ್ಲೂಕು–ಜಿಲ್ಲೆಗಳು, ಎರಡೂ ಆವೃತ್ತಿಗಳ ಶಾಸನ ಸಂಖ್ಯೆಗಳು. ಒಮ್ಮೆ ಕೂತು ಮಾಡಿಟ್ಟರೆ ಮುಂದಿನವರ ತಿಂಗಳುಗಳು ಉಳಿಯುತ್ತವೆ.

ಕಟ್ಟಡದ ವಿಳಾಸ ಸಿಕ್ಕ ಮೇಲೆ ಬಿರುಕಿನ ವಿಳಾಸ. ಇಲ್ಲಿ ನನ್ನ ಒತ್ತಾಯ ಹೆಚ್ಚು. ‘ನವರಂಗದಲ್ಲಿ ಬಿರುಕು ಕಂಡುಬಂದಿದೆ’ ಎಂಬ ವಾಕ್ಯದಿಂದ ಯಾವ ಉಪಯೋಗವೂ ಇಲ್ಲ. ಕಂಬಗಳ ನಡುವಿನ ಒಂಬತ್ತು ಅಂಕಣಗಳ ಮಂಟಪವಾದ ನವರಂಗದಲ್ಲಿ ಹನ್ನೆರಡಕ್ಕೂ ಹೆಚ್ಚು ತೊಲೆಗಳಿರುತ್ತವೆ. ಪ್ರತಿ ಕಂಬಕ್ಕೂ, ಪ್ರತಿ ತೊಲೆಗೂ, ಪ್ರತಿ ಚಪ್ಪಡಿಗೂ ನಕ್ಷೆಯಲ್ಲಿ ಸಂಖ್ಯೆ ಕೊಟ್ಟು, ‘ಪೂರ್ವದಿಂದ ಎರಡನೆಯ ಸಾಲು, ದಕ್ಷಿಣದ ತೊಲೆ, ತಳಮುಖ, ನಡುಭಾಗ’ ಎಂದು ಬರೆದಾಗ ಮಾತ್ರ ಅದು ದತ್ತಾಂಶ. ತಳಮುಖವೋ ಮೇಲ್ಮುಖವೋ ಎಂಬುದಕ್ಕೂ ಅರ್ಥವಿದೆ. ಕಲ್ಲು ಒತ್ತಡವನ್ನು ಚೆನ್ನಾಗಿ ತಡೆಯುತ್ತದೆ, ಎಳೆತವನ್ನು ಅದರ ಹತ್ತನೆಯ ಒಂದು ಪಾಲಿನಷ್ಟು ತಡೆಯುವುದೂ ಅದಕ್ಕೆ ಕಷ್ಟ. ಭಾರ ಹೊತ್ತ ತೊಲೆಯ ತಳಮುಖದ ನಡುವೆ ಎಳೆತ ಅತ್ಯಧಿಕ. ಅಲ್ಲಿನ ಕೂದಲೆಳೆ ಬಿರುಕಿಗೂ ಕಂಬದ ತಲೆಯ ಬೋದಿಗೆಯ ಬಳಿಯ ಚಕ್ಕೆ ಏಳುವಿಕೆಗೂ ಕಾರಣ ಬೇರೆ, ಅಪಾಯದ ಮಟ್ಟವೂ ಬೇರೆ.

ಕಂಡದ್ದನ್ನೂ ತಿಳಿದುಕೊಂಡದ್ದನ್ನೂ ಬೇರೆ ಬೇರೆ ಅಂಕಣಗಳಲ್ಲಿ ಬರೆಯುವ ಶಿಸ್ತು ಇದಕ್ಕೆ ಹೊಂದಿಕೊಂಡದ್ದು. ‘ಕಂಬ ವಾಲಿದೆ’ ಎಂಬುದು ತೀರ್ಪು. ತೂಗುಗುಂಡು ಇಳಿಬಿಟ್ಟು, ‘ಮೇಲ್ತುದಿ ತಳಕ್ಕಿಂತ ಪೂರ್ವಕ್ಕೆ ಇಷ್ಟು ಮಿಲಿಮೀಟರ್ ಸರಿದಿದೆ’ ಎನ್ನುವುದು ಅಳತೆ. ಆ ಕಂಬವನ್ನು ಎಂಟುನೂರು ವರ್ಷದ ಹಿಂದೆ ನಿಲ್ಲಿಸುವಾಗಲೇ ಅಷ್ಟು ಓರೆ ಇದ್ದಿರಬಹುದು. ಮೊದಲ ಅಳತೆ ಕಟ್ಟಡದ ಸ್ಥಿತಿಯನ್ನು ಹೇಳುತ್ತದೆ. ಎರಡನೆಯ ಅಳತೆ ಬಂದಾಗಷ್ಟೇ ಅದರ ನಡೆ ಗೊತ್ತಾಗುತ್ತದೆ. ಹಿರಿಯರು ಹೇಳಿದ ಮಾತಿಗೂ ದಾಖಲೆಯಲ್ಲಿ ಜಾಗವಿರಲಿ, ಆದರೆ ‘ಕೇಳಿದ್ದು’ ಎಂಬ ಗುರುತಿನೊಂದಿಗೆ. ಅರ್ಚಕರು ದಿನವೂ ಅದೇ ಬಾಗಿಲು ತೆರೆಯುವವರು. ಬಾಗಿಲು ಬಿಗಿಯಾಗತೊಡಗಿದ್ದು ಯಾವ ವರ್ಷ ಎಂದು ಅವರಿಗಿಂತ ಚೆನ್ನಾಗಿ ಯಾರೂ ಹೇಳಲಾರರು, ಮತ್ತು ಬಾಗಿಲಿನ ಚೌಕಟ್ಟು ಹಿಂಡಿಕೊಳ್ಳುವುದು ಗೋಡೆ ಕೂರುತ್ತಿರುವುದರ ಹಳೆಯ ಲಕ್ಷಣ.

ಗಾರೆ ಕೆಲಸದವರಿಗೆ ಬಿರುಕಿನ ಮೇಲೆ ಗಾಜಿನ ಪಟ್ಟಿ ಅಂಟಿಸುವ ಉಪಾಯ ಗೊತ್ತು. ಗಾಜು ಒಡೆದರೆ ಗೋಡೆ ಸರಿದಿದೆ. ಒಳ್ಳೆಯದೇ, ಆದರೆ ಗೋಡೆ ಎಷ್ಟು ಸರಿಯಿತೆಂದು ಗಾಜು ಹೇಳುವುದಿಲ್ಲ. ಯಾವ ದಿನ ಒಡೆಯಿತೆಂದೂ ಹೇಳುವುದಿಲ್ಲ. ಬಿರುಕಿನ ಎರಡು ಬದಿಗೆ ಎರಡು ಸಣ್ಣ ಗುರುತುಗಳನ್ನು ಅಂಟಿಸಿ ವರ್ನಿಯರ್ ಕ್ಯಾಲಿಪರ್‌ನಿಂದ ತಿಂಗಳಿಗೊಮ್ಮೆ ಅಂತರ ಅಳೆಯುವುದು ಅಗ್ಗದ, ನಂಬಬಹುದಾದ ಕ್ರಮ. ಆದರೆ ಅಳತೆಯ ಜೊತೆಗೆ ಹೊತ್ತು ಮತ್ತು ತಾಪಮಾನ ಇರಲೇಬೇಕು. ಗ್ರಾನೈಟ್ ಒಂದು ಡಿಗ್ರಿ ಬಿಸಿಯಾದರೆ ಪ್ರತಿ ಮೀಟರಿಗೆ ಸುಮಾರು 0.008 ಮಿಲಿಮೀಟರ್ ಹಿಗ್ಗುತ್ತದೆ. ಹತ್ತು ಮೀಟರ್ ಉದ್ದದ ಕಲ್ಲುಗೋಡೆಯ ತಾಪಮಾನ ಜನವರಿಯ ಮುಂಜಾನೆಗೂ ಏಪ್ರಿಲ್‌ನ ಮಧ್ಯಾಹ್ನಕ್ಕೂ 20 ಡಿಗ್ರಿ ಬದಲಾಯಿತೆಂದು ಹಿಡಿದರೆ ಹಿಗ್ಗುವಿಕೆ 1.6 ಮಿಲಿಮೀಟರ್. ಕಟ್ಟಡಕ್ಕೆ ಏನೂ ಆಗದೆಯೇ ಬಿರುಕು ಅಷ್ಟರಮಟ್ಟಿಗೆ ತೆರೆದು ಮುಚ್ಚಿಕೊಳ್ಳಬಲ್ಲದು. ಎರಡು ಭೇಟಿಯ ಎರಡು ಅಳತೆ ನೋಡಿ ‘ಅಪಾಯ’ ಎಂದು ಬರೆದ ವರದಿ ಈ ಕಾರಣಕ್ಕೆ ದಾರಿ ತಪ್ಪಿಸಬಹುದು. ಕನಿಷ್ಠ ಒಂದು ಪೂರ್ತಿ ವರ್ಷದ ಚಕ್ರ ಕಂಡ ಮೇಲೆ, ಋತುವಿನ ಏರಿಳಿತ ಕಳೆದು ಉಳಿಯುವುದು ಯಾವ ಕಡೆಗೆ ಜಾರುತ್ತಿದೆ ಎಂದು ನೋಡಬೇಕು.

ಮಳೆಯ ವಿಷಯದಲ್ಲಿ ನಾವು ಅದೃಷ್ಟವಂತರು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿದೆ. ಹದಿನೈದು ನಿಮಿಷಕ್ಕೊಮ್ಮೆ ಅಂಕಿ ಹೋಗುತ್ತದೆ. ಸೆಪ್ಟೆಂಬರ್–ಅಕ್ಟೋಬರ್‌ನ ಸುರಿಮಳೆ ದುದ್ದದಲ್ಲಿ ಯಾವ ಹೊತ್ತಿಗೆ ಎಷ್ಟು ಬಿತ್ತೆಂದು ಹೇಳಬಲ್ಲ ನಾಡಿನಲ್ಲಿ, ಆ ಮಳೆ ಕುಡಿದ ಮಣ್ಣಗೋಡೆ ಮಾರನೆಯ ದಿನ ಏನಾಯಿತೆಂದು ಹೇಳುವ ಒಂದೇ ಒಂದು ಸರಣಿಯೂ ಇಲ್ಲದಿರುವುದು ನನ್ನನ್ನು ಕಾಡುತ್ತದೆ. ಎರಡನ್ನೂ ಒಂದೇ ಕಾಲರೇಖೆಯ ಮೇಲೆ ಇಡಲು ಬೇಕಾದ್ದು ಸರಿಯಾದ ದಿನಾಂಕವೊಂದೇ. ನಾಲೆಯ ನೀರಿಗೂ ಇದೇ ಮಾತು. ವಿಶ್ವೇಶ್ವರಯ್ಯ ನಾಲೆ 1930ರ ದಶಕದಲ್ಲಿ ಮಂಡ್ಯ ಬಯಲಿನ ನೆಲದೊಳಗಿನ ತೇವವನ್ನೇ ಬದಲಿಸಿತು. ಹಳೆಯ ಕಟ್ಟಡದ ಅಡಿಪಾಯ ನಾಲೆಯ ಅಚ್ಚುಕಟ್ಟಿನಲ್ಲಿದೆಯೋ ಮಳೆಯಾಶ್ರಿತ ಹೊಲದ ಪಕ್ಕದಲ್ಲಿದೆಯೋ, ನಾಲೆಗೆ ನೀರು ಬಿಟ್ಟ ದಿನ ಯಾವುದು, ನಿಲ್ಲಿಸಿದ ದಿನ ಯಾವುದು ಎಂಬುದು ಅಳತೆಯ ಪಕ್ಕದಲ್ಲಿ ಬರಬೇಕು.

ಇನ್ನು ಕಂಪನ. ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಕಲ್ಲುಗಣಿಗಾರಿಕೆಯ ಸ್ಫೋಟಗಳಿಂದ ಕೃಷ್ಣರಾಜಸಾಗರ ಅಣೆಕಟ್ಟೆಗೆ ಅಪಾಯವಿದೆಯೇ ಎಂಬ ಪ್ರಶ್ನೆ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. 2018ರ ಸೆಪ್ಟೆಂಬರ್‌ನಲ್ಲಿ ಕೇಳಿಬಂದ ಭಾರಿ ಸದ್ದಿನ ನಂತರ ವಿಷಯ ಬೆಳೆದು, 2024ರ ಜನವರಿಯಲ್ಲಿ ಹೈಕೋರ್ಟ್ ಜಲಾಶಯದ ಸುತ್ತಲಿನ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆ ತಡೆಯಿತು. ಅಣೆಕಟ್ಟೆಯ ಬಳಿ ಕಂಪನ ದಾಖಲಿಸುವ ಉಪಕರಣ ಇದ್ದುದರಿಂದ ವಾದಕ್ಕೆ ಒಂದು ಆಧಾರ ಸಿಕ್ಕಿತು. ಊರಿನ ಕಲ್ಲುಮಂಟಪಕ್ಕೆ ಅಂಥ ಸಾಕ್ಷಿ ಇಲ್ಲ.

ಅಳೆದರೂ ಅರ್ಧಂಬರ್ಧ ಅಳೆದರೆ ಸಾಲದು. ಗಣಿ ಸುರಕ್ಷತೆಯ ಮಹಾನಿರ್ದೇಶನಾಲಯದ 1997ರ ಸುತ್ತೋಲೆ ಐತಿಹಾಸಿಕ ಮತ್ತು ಸೂಕ್ಷ್ಮ ಕಟ್ಟಡಗಳಿಗೆ ಕಂಪನದ ವೇಗದ ಮಿತಿ ಹಾಕುವಾಗ ಆವರ್ತನವನ್ನೂ ನೋಡುತ್ತದೆ: 8 ಹರ್ಟ್ಸ್‌ಗಿಂತ ಕಡಿಮೆ ಇದ್ದರೆ ಸೆಕೆಂಡಿಗೆ 2 ಮಿಲಿಮೀಟರ್, 8ರಿಂದ 25ರವರೆಗೆ 5, ಅದಕ್ಕೂ ಮೇಲೆ 10. ‘ಸ್ಫೋಟದ ಹೊತ್ತಿನಲ್ಲಿ ಸೆಕೆಂಡಿಗೆ 6 ಮಿಲಿಮೀಟರ್’ ಎಂದಷ್ಟೇ ಬರೆದ ಕಾಗದ ಕೈಗೆ ಬಂದರೆ ಅದು ಮಿತಿಯೊಳಗೋ ಹೊರಗೋ ಹೇಳುವಂತಿಲ್ಲ. 30 ಹರ್ಟ್ಸ್ ಆಗಿದ್ದರೆ ಒಳಗೆ, 6 ಹರ್ಟ್ಸ್ ಆಗಿದ್ದರೆ ಮಿತಿಯ ಮೂರು ಪಟ್ಟು. ಉಪಕರಣ ನೆಲದ ಮೇಲಿತ್ತೋ ಚಾವಣಿಯ ಮೇಲಿತ್ತೋ, ಗಣಿಯಿಂದ ಎಷ್ಟು ದೂರ, ಯಾವಾಗ ಅದನ್ನು ಮಾಪನಾಂಕಕ್ಕೆ ಹೊಂದಿಸಿದ್ದರು ಎಂಬುದಿಲ್ಲದ ಅಂಕಿಯನ್ನು ನ್ಯಾಯಾಲಯದಲ್ಲೂ ಎತ್ತಿಹಿಡಿಯಲಾಗದು.

ಊರವರು ಒಳ್ಳೆಯ ಮನಸ್ಸಿನಿಂದ ಮಾಡುವ ದುರಸ್ತಿಯೇ ಹಲವು ಬಾರಿ ಸಾಕ್ಷ್ಯವನ್ನು ಅಳಿಸುತ್ತದೆ. ಹಬ್ಬಕ್ಕೆ ಮುಂಚೆ ಬಿರುಕಿಗೆ ಸಿಮೆಂಟ್ ಮೆತ್ತಿ ಬಣ್ಣ ಹೊಡೆದರೆ ಬಿರುಕು ಎಷ್ಟು ಅಗಲವಿತ್ತು, ಎಲ್ಲಿಗೆ ಹೋಗಿತ್ತು ಎಂಬುದು ಅದರೊಳಗೆ ಮುಚ್ಚಿಹೋಗುತ್ತದೆ. ಚಾವಣಿ ಸೋರಿದಾಗಲೆಲ್ಲ ಹಳೆಯ ಗಾರೆಯನ್ನು ತೆಗೆಯದೆ ಅದರ ಮೇಲೊಂದು ಪದರ ಹಾಕುವ ರೂಢಿಯಂತೂ ಇನ್ನೂ ಗಂಭೀರ. ಕಂಬಗಳ ನಡುವೆ 2.5 ಮೀಟರ್ ಅಂತರವಿರುವ ಒಂದು ಅಂಕಣವನ್ನು ಊಹಿಸಿಕೊಳ್ಳಿ: ವಿಸ್ತೀರ್ಣ 6.25 ಚದರ ಮೀಟರ್. ಘನಮೀಟರಿಗೆ 2,000 ಕಿಲೋ ತೂಗುವ ಪದರವನ್ನು 10 ಸೆಂಟಿಮೀಟರ್ ದಪ್ಪ ಹಾಕಿದರೆ ಆ ಅಂಕಣದ ಮೇಲೆ ಹೊಸದಾಗಿ ಬೀಳುವ ಭಾರ 1,250 ಕಿಲೋ. ಮೂರು ತಲೆಮಾರು ಮೂರು ಪದರ ಹಾಕಿದರೆ? ಚಾವಣಿಯ ಮೇಲೆ ಈಗ ಎಷ್ಟು ಪದರಗಳಿವೆ, ಯಾವುದು ಸುಣ್ಣದ ಗಾರೆ, ಯಾವುದು ಸಿಮೆಂಟ್ ಎಂಬ ಒಂದು ನಮೂದು ಹತ್ತು ಪುಟದ ಲೆಕ್ಕಾಚಾರಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮೇಲೆ ಕೆಲಸ ಮಾಡಿದ ಗಾರೆಯವರನ್ನು ಅವತ್ತೇ ಕೇಳಿ ಬರೆದುಕೊಂಡರೆ ಆಯಿತು.

ಇಷ್ಟನ್ನೂ ಯಾವುದರಲ್ಲಿ ಇಡುವುದು? ಕಡತ ಎಂಬ ನಮ್ಮ ಕಚೇರಿ ಪದದ ಹಿಂದೆ ಇರುವುದು ಹುಣಸೆಬೀಜದ ಅಂಟು, ಇದ್ದಿಲಪುಡಿ ಸವರಿದ ಕಪ್ಪು ಬಟ್ಟೆಯ ಮಡಿಕೆಪುಸ್ತಕ. ಶಾನುಭೋಗರು ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಹೊಯ್ಸಳ ಶಿಲ್ಪಿಗಳು ಕಂಬ ಕಡೆದದ್ದೂ ಅದೇ ಬಳಪದ ಕಲ್ಲಿನಿಂದ. ಈ ನಂಟು ನನಗೆ ಪ್ರಿಯವಾದುದು. ಆದರೆ ಬಳಪದ ಬರಹವನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ಭದ್ರತಾ ದಾಖಲೆಯಲ್ಲಿ ಅದು ಕೂಡದು. ತಪ್ಪು ಅಳತೆಯ ಮೇಲೆ ಒಂದೇ ಗೆರೆ ಎಳೆದು, ಓದಲು ಬರುವಂತೆ ಬಿಟ್ಟು, ಪಕ್ಕದಲ್ಲಿ ಸರಿಯಾದುದನ್ನು, ದಿನಾಂಕವನ್ನು ಬರೆಯಬೇಕು.

ಕಂಪ್ಯೂಟರಿನಲ್ಲಿ ಇಡುವಾಗ ನಮ್ಮದೇ ಒಂದು ತೊಂದರೆಯಿದೆ. ಹಿಂದೆ ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರಸಂಕೇತದಲ್ಲಿ ಬೆರಳಚ್ಚಾದ ಕನ್ನಡ ಕಡತಗಳನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಹುಡುಕಲೂ ಬರುವುದಿಲ್ಲ. ಎಂಟುನೂರು ವರ್ಷದ ಶಾಸನ ಓದಲು ಬರುತ್ತದೆ, ಇಪ್ಪತ್ತು ವರ್ಷದ ದುರಸ್ತಿ ಅಂದಾಜುಪಟ್ಟಿ ಓದಲು ಬರುವುದಿಲ್ಲ ಎಂಬ ಸ್ಥಿತಿ ದುಃಖಕರ. ಅಂಥವನ್ನು ಯೂನಿಕೋಡ್‌ಗೆ ಪರಿವರ್ತಿಸುವುದು ಮೊದಲ ಕೆಲಸವಾಗಬೇಕು. ಹೊಸ ಅಳತೆಗಳನ್ನು ಯಾವ ಕಂಪನಿಯ ತಂತ್ರಾಂಶವೂ ಬೇಡದ ಸರಳ ಪಠ್ಯಕೋಷ್ಟಕದಲ್ಲಿ ಇಡುವುದು ಲೇಸು. ಫೋಟೊಗಳ ವಿಷಯದಲ್ಲೂ ಎಚ್ಚರ ಬೇಕು: ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಾಗಿ ಕಳಿಸಿದ ಚಿತ್ರ ಕುಗ್ಗುತ್ತದೆ, ಅದರೊಳಗಿದ್ದ ದಿನಾಂಕ ಮತ್ತು ಸ್ಥಳದ ಮಾಹಿತಿ ಕಳಚಿಹೋಗುತ್ತದೆ. ಮೂಲ ಕಡತವನ್ನೇ ಉಳಿಸಬೇಕು. ಚಿತ್ರದಲ್ಲಿ ಒಂದು ಅಳತೆಪಟ್ಟಿಯೂ ಕಟ್ಟಡದ ಭಾಗದ ಸಂಖ್ಯೆಯೂ ಕಾಣಬೇಕು.

ಇನ್ನು ಈ ದಾಖಲೆಯ ಹೊಣೆ ಯಾರದು? ಪುರಾತನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿಯ ನಂತರ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಬಸರಾಳಿನ ದೇಗುಲಕ್ಕೆ ಆ ಕವಚವಿದೆ. ದುದ್ದದ ಸುತ್ತಿನ ಪಟ್ಟಿಗೆ ಸೇರದ ಗುಡಿ, ಮಂಟಪಗಳ ಹೊಣೆ ಮುಜರಾಯಿ ಇಲಾಖೆ, ಗ್ರಾಮ ಪಂಚಾಯಿತಿ, ಲೋಕೋಪಯೋಗಿ ಇಲಾಖೆ, ಊರ ಯಜಮಾನರ ನಡುವೆ ಹಂಚಿಹೋಗಿದೆ. ಅಲ್ಲಿಗೆ ನನ್ನ ಸಲಹೆ: ಒಂದೊಂದು ಕಟ್ಟಡಕ್ಕೆ ಒಂದು ಹೊಲಿದ ಪುಸ್ತಕ, ಅದು ಗುಡಿಯಲ್ಲೇ ಇರಲಿ, ಅದರ ನಕಲು ಪಂಚಾಯಿತಿಯಲ್ಲಿ, ವರ್ಷಕ್ಕೊಮ್ಮೆ ಅದರ ಅಂಕಿಗಳು ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಹೋಗಲಿ. ಅಳೆಯುವವರು ಹತ್ತಿರದ ಪ್ರೌಢಶಾಲೆಯ ಮಕ್ಕಳಾದರೂ ಆದೀತು. ಕ್ಯಾಲಿಪರ್ ಹಿಡಿಯುವುದನ್ನು ಅವರಿಗೆ ಕಲಿಸುವುದು ಕಷ್ಟವಲ್ಲ. ವಾಲಿದ ತೊಲೆಯ ಕೆಳಗೆ ಮಾತ್ರ ಅವರನ್ನು ಕಳಿಸಕೂಡದು.

ತಿಂಗಳಿಗೊಮ್ಮೆ ಅಳೆಯಲಾಗದಿದ್ದರೆ ವರ್ಷಕ್ಕೆ ಮೂರು ಅಳತೆಯಾದರೂ ಇರಲಿ. ಮೊದಲನೆಯದಕ್ಕೆ ಒಳ್ಳೆಯ ಕಾಲ ಫೆಬ್ರವರಿ, ಗೋಡೆ ಒಣಗಿರುವಾಗ, ಬೆಳಿಗ್ಗೆ ಏಳು ಗಂಟೆಗೆ, ಬಿಸಿಲು ಕಲ್ಲಿಗೆ ತಾಗುವ ಮುನ್ನ. ಎರಡನೆಯದು ಮುಂಗಾರಿಗೆ ಮುಂಚೆ, ಮೂರನೆಯದು ಅಕ್ಟೋಬರ್ ಮಳೆ ನಿಂತ ಮರುವಾರ, ಅದೇ ಹೊತ್ತಿಗೆ, ಸಾಧ್ಯವಾದರೆ ಅದೇ ಕೈಯಿಂದ, ಅದೇ ಕ್ಯಾಲಿಪರ್‌ನಿಂದ.